ಹುಳು ಮನೆಯಲ್ಲಿ ಅಧಿಕಾರಿಗೆ ಲುಂಗಿ ಉಡಿಸಿದ ಬಗ್ಗೆ

ನನ್ನ ಹೆಸರು ನರಸಿಂಹಪ್ಪ ಬಿನ್ ಲೇಟ್ ಮುನಿವೆಂಕಟಪ್ಪ, ವಯಸ್ಸು 54 ವರ್ಷ (ಆಧಾರ್‌ನಲ್ಲಿ 57 ಇದೆ, ಅದು ನಾನು ಬರೆಸಿದ್ದಲ್ಲ), ರೇಷ್ಮೆ ಬೇಸಾಯ, ವಾಸ ಹೊಸಕುಂಟೆ ಗ್ರಾಮ, ಮಂಡಿಕಲ್ ಹೋಬಳಿ, ಚಿಕ್ಕಬಳ್ಳಾಪುರ ತಾಲ್ಲೂಕು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ತಪ್ಪಿದ್ದರೆ ತಿದ್ದಿಕೊಳ್ಳಬೇಕು. ಠಾಣೆಗೆ ಕರೆಸಿದ್ದರಿಂದ ಹಾಜರಾಗಿ ತಿಳಿಸುವುದೇನೆಂದರೆ,

ನಾನು ಹೊಸದಾಗಿ ಕಟ್ಟಿದ ರೇಷ್ಮೆ ಹುಳು ಮನೆಗೆ ಸರ್ಕಾರದ ಸಹಾಯಧನ ಬರಬೇಕಾಗಿದೆ. ಅದಕ್ಕೆ ಒಳಗೆ ಹುಳು ಮೇಯುವಾಗ ನಾನೂ ಅಧಿಕಾರಿಯೂ ಒಟ್ಟಿಗೆ ನಿಂತ ಫೋಟೋ ಈ ತಿಂಗಳೊಳಗೆ ಮೊಬೈಲಿನಿಂದ ಹೋಗಬೇಕು. ಇಲ್ಲವಾದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದು ರೇಷ್ಮೆ ಇಲಾಖೆ ಕಚೇರಿಯವರು ಹೇಳಿದ್ದರಿಂದ ನನಗೆ ಊಟ ಸೇರುತ್ತಿರಲಿಲ್ಲ.

ದಿನಾಂಕ 11ರಂದು ಬೆಳಿಗ್ಗೆ 11-30ಕ್ಕೆ ಅಧಿಕಾರಿ ರಮೇಶ್‌ಬಾಬುರವರು ಬೈಕಿನಲ್ಲಿ ಬಂದರು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ, ಪ್ಯಾಂಟು ಹಾಕಿ ಆರು ಗಂಟೆಯಿಂದ ಕಾದಿದ್ದೆ. ಮಡಿಕೆ ಬೀಳುತ್ತದೆಂದು ಕೂತಿರಲಿಲ್ಲ. ಸಾಹೇಬರು, ದಾರಿಯಲ್ಲಿ ಆವಲಪ್ಪನ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವಾಗ ಪಕ್ಕದಲ್ಲೇ ನಿಂತಿದ್ದೆ ಎಂದು ಮಾತಿಗೆ ಹೇಳಿಬಿಟ್ಟರು. ಆ ಬಟ್ಟೆಯ ಗಾಳಿ ಬಡಿದರೂ ಹುಳು ಸಾಯುತ್ತವೆ. ನನ್ನ ಹೆಂಡತಿ ಕದಿರಮ್ಮ ಬಾಗಿಲಿಗೆ ಅಡ್ಡ ನಿಂತು, ಬಟ್ಟೆ ಬಿಚ್ಚಿಟ್ಟು ಸ್ನಾನ ಮಾಡ್ಕೊಂಡು ಬನ್ನಿ ಸ್ವಾಮಿ ಎಂದಳು. ಸಾಹೇಬರು, ನಾನು ಸರ್ಕಾರ ಕಣಮ್ಮ ಎಂದರು. ಅದಕ್ಕೆ ಅವಳು, ಸರ್ಕಾರಾನೂ ಸ್ನಾನ ಮಾಡ್ಕೊಂಡೇ ಬರ್ಲಿ ಎಂದಳು. ನಾನು ಮಧ್ಯೆ ನಿಂತು ಇಬ್ಬರಿಗೂ ಕೈ ಮುಗಿದೆ.

ಅವರಿಗೆ ಇನ್ನೂ ಬೇರೆ ಊರುಗಳಿದ್ದುದರಿಂದ ಒಪ್ಪಿ, ಬಚ್ಚಲಲ್ಲಿ ಸ್ನಾನ ಮಾಡಿ, ನನ್ನ ಲುಂಗಿ ಉಟ್ಟು, ಟವೆಲ್ ಹೊದ್ದು ಒಳಗೆ ಬಂದರು. ಯಾರೂ ಬಲವಂತ ಮಾಡಿಲ್ಲ. ಬೆನ್ನು ಉಜ್ಜಿದ್ದು ನಾನೇ, ಅದೂ ಅವರೇ ಕೇಳಿದ ಮೇಲೆ. ನನ್ನ ಮಗಳು ಪವಿತ್ರ ಅವರ ಮೊಬೈಲಿನಲ್ಲಿ ಫೋಟೋ ತೆಗೆದಳು. ಸ್ವಲ್ಪ ನಗಪ್ಪ, ಹುಳಕ್ಕೇ ಭಯ ಆಗ್ತದೆ ಎಂದು ನನಗೆ ಹೇಳಿದಳು. ಅಷ್ಟರಲ್ಲಿ ಕದಿರಮ್ಮ ಸಾಹೇಬರ ಬಟ್ಟೆಯನ್ನು ಸೋಪಿನ ನೀರಿಗೆ ಹಾಕಿದ್ದಳು. ಆದುದರಿಂದ ಅವರು ಲುಂಗಿಯಲ್ಲೇ ಬೈಕ್ ಹತ್ತಿ ಮಂಡಿಕಲ್ ಬಸ್ ಸ್ಟಾಪಿನ ಮುಂದೆ ಹಾದು ಹೋದರು. ಅಲ್ಲಿ ಜನ ನಕ್ಕಿದ್ದಕ್ಕೆ ನಾನು ಜವಾಬ್ದಾರನಲ್ಲ.

ದಿನಾಂಕ 24ರಂದು ಫೋಟೋ ವಾಪಸ್ಸಾಗಿದೆ ಎಂದು ಮೆಸೇಜು ಬಂತು. ಮೇಲಿನ ಕಚೇರಿಯವರು ಬಿಳಿ ಅಂಗಿಯ ನನ್ನನ್ನು ಅಧಿಕಾರಿಯೆಂದೂ ಲುಂಗಿಯ ಸಾಹೇಬರನ್ನು ರೈತನೆಂದೂ ತಿಳಿದು, ರೈತನ ಮುಖ ಆಧಾರ್‌ಗೆ ಹೊಂದುತ್ತಿಲ್ಲ ಎಂದಿದ್ದಾರೆ. ಮತ್ತೆ ತೆಗೆಯೋಣವೆಂದರೆ ಹುಳು ಇಲ್ಲ. ಅವು ಗೂಡು ಕಟ್ಟಿ, ನಾವು ಗೂಡು ಬಿಡಿಸಿ, ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಮಾರಿಯಾಗಿದೆ. ಸಾಹೇಬರಿಗೆ ಫೋನ್ ಮಾಡಿ, ಅದು ತಾವೇ ಅಂತ ಒಂದು ಮಾತು ಬರೆದುಕೊಡಿ ಎಂದು ಬೇಡಿಕೊಂಡೆ. ಅವರು, ಕಚೇರೀಲಿ ಎಲ್ಲಾ ನನ್ನನ್ನ ಲುಂಗಿ ಸಾಹೇಬ್ರು ಅಂತಾವ್ರೆ, ಆ ಫೋಟೋದಲ್ಲಿರೋನು ನಾನು ಅಂತ ಜನ್ಮದಲ್ಲಿ ಬರ್ಕೊಡಲ್ಲ ಕಣಯ್ಯ ಎಂದು ಫೋನ್ ಇಟ್ಟು, ನಿನ್ನೆ ನನ್ನ ಮೇಲೆ ದೂರು ಕೊಟ್ಟಿದ್ದಾರೆ.

ಈಗ ತಾವು ಓದಿ ಹೇಳಿದ ಆ ದೂರಿನಲ್ಲಿ, 11ರಂದು ನನ್ನ ಹುಳು ಮನೆಯೊಳಗೆ ಸಾಹೇಬರಿಗೆ ಲುಂಗಿ ಉಡಿಸಿ, ಹುಳುಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದರೆಂದು ಅವರೇ ಬರೆದು ಸಹಿ ಹಾಕಿದ್ದಾರೆ. ಅದನ್ನು ನಾನು ಒಪ್ಪುತ್ತೇನೆ. ಬಲವಂತ ಎಂದಿರುವುದು ಮಾತ್ರ ಸುಳ್ಳು. ಆದರೂ ಆ ಸಾಲನ್ನು ದಯವಿಟ್ಟು ಹೊಡೆದುಹಾಕಬೇಡಿ, ತಿದ್ದಿದ ಕಾಗದ ಕಚೇರಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಅದರ ನಕಲಿಗೆ ಠಾಣೆಯ ಸೀಲು ಹಾಕಿ ಇವತ್ತೇ ಕೊಡಿಸಬೇಕು. ಸಹಾಯಧನದ ಅರ್ಜಿಗೆ ಲಗತ್ತಿಸಬೇಕು, ಐದೂವರೆಗೆ ಕಚೇರಿ ಮುಚ್ಚುತ್ತದೆ.

ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ಇದೆಲ್ಲಾ ನಡೆದದ್ದೇ.

ಸ್ಥಳ: ಚಿಕ್ಕಬಳ್ಳಾಪುರ
ದಿನಾಂಕ: 27, ಸಮಯ ಸಂಜೆ 4-40
ಸಹಿ: ನರಸಿಂಹಪ್ಪ