ಪಾಂಡು ಮಾಸ್ತರರ ತುಂಡು ಕಮಾನು

ಅದಲ್ಲ ತಂಗಿ, ಅದಲ್ಲ. ಸ್ವರ ಸರಿ ಅದೆ, ಗಾಳಿ ಸರಿ ಇಲ್ಲ. ಮೂರು ಸ್ವರಕ್ಕೊಂದ್ಸಲ ತುಳೀತಿ ನೀನು, ಬತ್ತ ತುಳ್ದ ಹಾಗೆ. ನಿನ್ನಪ್ಪನ ಕಾಲು ಹಾರ್ಮೋನಿಯಂ ಪೆಟ್ಟಿಗೆ ಅದು ಮಾದೇವಿ, ಕಣ ಅಲ್ಲ.

ಎಂತಕ್ಕೆ ಹಾಗೆ ನೋಡ್ತಿ? ಓದೂಕೆ ಬರದವ ಸ್ವರದ ಪಟ್ಟಿ ನೋಡಿ ಎಂತ ಹೇಳ್ತಾನೆ ಅಂತನಾ? ಬರೂದಿಲ್ಲ, ಹೌದು. ಹೆಬ್ಬೆಟ್ಟು ಒತ್ತೋನು ನಾನು. ಸರಿಗಮ ಅಂತ ನಿನ್ನಪ್ಪ ಬರ್ದದ್ದು ನಂಗೆ ಇರುವೆ ಸಾಲು. ಆದ್ರೆ ಆ ಸಾಲಿನ ಮೇಲೆ ಬಿಲ್ಲಿನ ಹಾಗೆ ಬಗ್ಗಿಸಿ ಗೆರೆ ಎಳ್ದಾನಲ್ಲ, ಕಮಾನು... ಅದನ್ನ ಎಳ್ದದ್ದು ನನ್ನ ಸಲುವಾಗಿ. ಓದೋನು ನಾ ಒಬ್ನೇ. ಕುಮಟೆ ಭಟ್ಕಳ ಸೇರ್ಸಿ ಹೇಳ್ತೆ, ನಾ ಒಬ್ನೇ.

ಅಪ್ಪನ ಎಡಗಾಲು ಹುಟ್ಟಿದಾಗಿಂದ ಸೊರಗಿದ್ದು, ನಿಂಗೆ ಗೊತ್ತದೆ. ಈ ಪೆಟ್ಟಿಗೆಗೆ ಎರಡು ಕಾಲು ಬೇಕು. ಹಾಗಾಗಿ ಅಂವ ಮೇಲೆ ಕುಂತು ಬಾರ್ಸೂದು, ನಾ ಕೆಳಗೆ ನೆಲದ ಮೇಲೆ ಕುಂತು ಕೈಯಾಗೆ ತುಳಿಯೂ ಹಲಗೆ ಒತ್ತೂದು. ಬೆರಳು ಅವಂದು, ಗಾಳಿ ನಂದು. ಸುಮ್ನೆ ಕರ್ಯೂದಲ್ಲ ನನ್ನ ಗಾಳಿ ಸೋಮ ಅಂತ. ಭಟ್ಕಳದಾಗೆ ಒಂದ್ಸಲ ನಾಟಕ... ಮೂರು ತಾಸು. ಮೂರು ತಾಸು ಒಂದೇ ಸಮ ಒತ್ತಿದ್ದೆ, ಒಂದು ಸ್ವರ ನಡುಗ್ಲಿಲ್ಲ. ನಾಟಕದವ್ರು ಬಂದು ನನ್ನ ತೋಳು ಮುಟ್ಟಿ ನೋಡಿದ್ರು. ಈ ತೋಳಿಗೆ ದಣಿವು ಅಂದ್ರೆ ಎಂತದು ಅಂತ ಗೊತ್ತಿಲ್ಲ ತಂಗಿ.

ಆತು, ಆತು. ಪಟ್ಟಿಗೆ ಬತ್ತೆ.

ಕಮಾನು ಇಲ್ಲಿ ಎದ್ದು ಅಲ್ಲಿ ಇಳಿದ್ರೆ, ಅಷ್ಟೂ ಒಂದೇ ಉಸಿರು. ಗಾಳಿ ಎಲ್ಲೂ ತುಂಡಾಗೂಕಿಲ್ಲ. ಇನ್ನು, ಇಳಿಯೂದು ಸ್ವರದ ನೆತ್ತಿ ಮೇಲೋ, ಸ್ವರ ದಾಟಿ ಆಚೆಗೋ... ಅದನ್ನೇ ಕೇಳ್ದಿ ನೀ ಆಗ. ನೆತ್ತಿ ಮೇಲೆ ಇಳಿದ್ರೆ ಅಲ್ಲಿಗೆ ಮುಗೀತು. ದಾಟಿ ಇಳಿದ್ರೆ, ಮಾವಿನಕುರ್ವೆ ದೋಣಿ ದಡಕ್ಕೆ ತಾಗ್ತದಲ್ಲ, ಹುಟ್ಟು ಎತ್ತಿದ ಮೇಲೂ ಒಂಚೂರು ತಾನೇ ಹೋಗ್ತದೆ, ಹಾಗೆ ಬಿಡೂದು. ಬಾರ್ಸು... ಕಂಡ್ಯಾ? ಈಗ ನಿನ್ನಪ್ಪ ಬಂದ.

ಮೂರು ಹಾಳಿ ಬಿಡಿಸಿ ಕೊಟ್ಟೆ. ಸಾಕು. ನಾಳೆ ಬೆಳಗಿನ ಮೋಟಾರು ಹತ್ತು, ನಾಡಿದ್ದು ಧಾರವಾಡ ರೇಡಿಯೋದವ್ರ ಮುಂದೆ ಕುಂತು ಬಾರ್ಸು. ಪಾಸು ಮಾಡಿದ್ರೆ ಪಾಂಡು ಮಾಸ್ತರ ಕಟ್ಟಿದ ಪದ ಊರೂರಿಗೆ ಕೇಳ್ತದೆ. ಸತ್ತು ವರ್ಷ ಆಗ್ಲಿಲ್ಲ, ಕೇಳೂಕೆ ಅಂವ ಇಲ್ಲ ಅಷ್ಟೇ. ನಾ ಇನ್ನು ಏಳ್ತೆ. ಕರ್ಕಿ ತನಕ ನಡೀಬೇಕು.

ಎಂತ? ನಾಲ್ಕನೇ ಹಾಳಿನಾ?

...ಹೂಂ. ಕಾಣ್ತದೆ. ಉದ್ದದ ಕಮಾನು, ನಡುವೆ ತುಂಡಾಗ್ಯದೆ. ಶಾಯಿ ಮುಗ್ದಿರ್ಬೇಕು ಬಿಡು.

ಶಾಯಿ ಮುಗ್ದವ ಮುಂದಿನ ಅರ್ಧ ಹೆಂಗೆ ಬರ್ದ ಅಂತಿ. ಹಾಂ. ಅದೂ ಹೌದು. ಹಾಗಾದ್ರೆ ಹುಳ. ಪೆಟ್ಟಿಗೆ ಒಳಗೆ ಇಟ್ರೆ ಹುಳ ಬಿಡ್ತದಾ?

ಬೆಳಕಿಗೆ ಎಂತಕ್ಕೆ ಹಿಡೀತಿ ಅದನ್ನ... ತೂತಿಲ್ಲ. ತೂತಿಲ್ಲ ಮಾರಾಯ್ತಿ, ಕಂಡೆ. ಕಾಗದ ಅಲ್ಲಿ ಮಾತ್ರ ತೆಳ್ಳಗೆ ಆಗ್ಯದೆ. ಬ್ಲೇಡಿನಾಗೆ ಕೆರ್ದದ್ದು. ಅವನೇ ಕೆರ್ದದ್ದು. ಇನ್ನೆಂತ ಬೇಕು? ಕೆರ್ದಾನೆ ಅಂದ್ರೆ ಅಲ್ಲಿ ಗಾಳಿ ನಿಲ್ಸು ಅಂತ ಅರ್ಥ. ನಿಲ್ಸಿ ಬಾರ್ಸು.

...

ಹೌದು. ಮುಗ್ಗರಿಸ್ದ ಹಾಗೆ ಕೇಳ್ತದೆ. ಇನ್ನೊಂದ್ಸಲ ಬ್ಯಾಡ, ಬಿಡು. ರೇಡಿಯೋದವ್ರು ನಗ್ತಾರೆ, ಕಟ್ಟಿದವಂಗೇ ಪದ ಗೊತ್ತಿಲ್ಲ ಅಂತಾರೆ. ಹಾಗಾದ್ರೆ ಸೇರ್ಸಿ ಬಾರ್ಸು. ಅದಕ್ಕೂ ತಲೆ ಆಡಿಸ್ತಿ. ಅಪ್ಪ ಕೆರ್ದು ತೆಗ್ದದ್ದನ್ನ ನಾ ಯಾರು ಸೇರ್ಸೂಕೆ ಅಂತಿ. ಎಂತ ಮಾಡ್ಬೇಕು ನಾನು? ಸತ್ತವನ ಕೇಳ್ಕೊಂಡು ಬರ್ಬೇಕಾ?

ಕುಮಟೆಯಾಗೆ ಪೆಟ್ಟಿಗೆ ನಿಂತದ್ದು ಇದೇ ಜಾಗದಾಗೆ ಅಂತ ಯಾರು ಹೇಳಿದ್ರು ನಿಂಗೆ?

ಯಾರೂ ಹೇಳ್ಲಿಲ್ಲ. ನೀನೇ ಅಲ್ಲಿ ಕುಂತಿದ್ದಿ. ಹೌದು... ಸಣ್ಣವಳಿದ್ದಿ, ಮುಂದಿನ ಬೆಂಚು. ಹೈಸ್ಕೂಲಿನ ಗ್ಯಾದರಿಂಗು. ಮಧ್ಯಾಹ್ನ, ಸೆಕೆ ಅಂದ್ರೆ ಸೆಕೆ. ಹಾಡ್ಕೊಂಡು ಹೋಗ್ತಿದ್ದ ಪೆಟ್ಟಿಗೆ ಒಂದೇ ಸಲ ಸತ್ತೋತು. ನಿನ್ನಪ್ಪನ ಬೆರಳು ಕಪ್ಪು ಬಿಳಿ ಮನೆ ಮೇಲೆ ಓಡಾಡ್ತದೆ, ಸ್ವರ ಇಲ್ಲ. ಹಿಂದಿನವ್ರು ಸಿಳ್ಳೆ ಹೊಡೆದ್ರು. ಕುಡ್ಕೊಂಡು ಬಂದಾನೆ ಅಂದ್ರು, ಮರ್ತುಹೋತು ಅಂದ್ರು. ಅದಾದ ಮೇಲೆ ಅಂವ ನಾಕು ಜನರ ಎದುರು ಕುಂತದ್ದಿಲ್ಲ.

ಕೈ ಸೋತು ಹೋತು ತಂಗಿ ನಂದು. ಅದೇ ಹೇಳ್ದೆ ಅವಂಗೂ. ಪಾಂಡು, ಕೈ ಸೋತು ಹೋತು ಅಂದೆ. ಅಂವ ನಂಬ್ದ. ಒಂದು ಮಾತು ಬೈಯ್ಲಿಲ್ಲ. ಆಮೇಲೆ ಮನೆಗೆ ಬಂದು ಕೆರ್ದಿರ್ಬೇಕು. ಸೋಮಂಗೆ ಅಲ್ಲಿ ಉಸಿರು ತಗೊಳೂಕೆ ಆಗ್ಲಿ ಅಂತ.

...

ಎಂತಕ್ಕೆ ಪಟ್ಟಿ ಕೆಳಗಿಟ್ಟಿ?

ನನ್ನ ತೋಳು ಯಾಕೆ ನೋಡ್ತಿ?

...

ಪರದೆ ಕಟ್ಟಿದ್ರು ಅವತ್ತು. ಪೆಟ್ಟಿಗೆ ಸುತ್ತ ಪರದೆ. ಕೆಳಗೊಬ್ಬ ಬೆವತ ಗಂಡಸು ಕುಂತಿದ್ರೆ ಚೆಂದ ಕಾಣೂದಿಲ್ಲ ಅಂತ. ನಿನ್ನಪ್ಪ ಬ್ಯಾಡ ಅಂದಿದ್ದ, ಅವ್ರು ಕೇಳ್ಲಿಲ್ಲ. ಮಾಲೆ ಅವಂಗೆ, ಭಾಷಣ ಅವಂಗೆ. ಒಂದೇ ಕಾಲಿನಾಗೆ ಹೆಂಗೆ ಬಾರಿಸ್ತಾರೆ ನೋಡಿ ಅಂದ ಒಬ್ಬ. ಒಂದೇ ಕಾಲಿನಾಗೆ. ಒಳಗೆ ನಾ ಕುಂತೇ ಇದ್ದೆ. ಒಂದು ಗಳಿಗೆ ಹಲಗೆ ಬಿಡ್ತೆ, ಸೋಮ ಅಂತ ಒಬ್ಬ ಇದ್ದಾನೆ ಅಂತ ಗೊತ್ತಾಗ್ಲಿ ಅಂತ... ಅಷ್ಟೇ. ಬಿಟ್ಟೆ. ಪಾಂಡು ಪರದೆ ಎತ್ತಿ ನಗ್ತಾನೆ, ಇಂವ ನನ್ನ ಸೋಮ ಅಂತ ಹೇಳ್ತಾನೆ ಅಂದ್ಕೊಂಡೆ. ಅಂವ ಎತ್ಲಿಲ್ಲ. ನನ್ನ ಹೆಸ್ರು ಹೇಳಿದ್ರೆ ನಂಗೆ ಅವಮಾನ ಆಗ್ತದೆ ಅಂತ, ಸಿಳ್ಳೆ ಎಲ್ಲ ತಾನೇ ತಗೊಂಡ.

ಕೈ ಸೋಲ್ಲಿಲ್ಲ.

ಎದ್ಯಾ? ಎಲ್ಲಿಗೆ... ಓ. ಪೆನ್ನಾ. ಎಳಿ. ಈ ಕಡೆಯಿಂದ ಆ ಕಡೆಗೆ ಸೇರ್ಸು, ಪೂರ್ತಿ. ಅಂವ ಮೊದ್ಲು ಹಾಗೇ ಎಳ್ದಿದ್ದ, ನಾ ಕಂಡಿದ್ದೆ.

ಬಾರ್ಸು ಈಗ. ನಾ ಕೆಳಗೆ ಕುಂತು ಒತ್ತಲಾ?

...

ಆತು. ಬ್ಯಾಡಂದ್ರೆ ಬ್ಯಾಡ ತಂಗಿ. ನಿನ್ನ ಕಾಲು ಗಟ್ಟಿ ಅದೆ. ನಾ ಜಗಲಿ ಮೇಲೆ ಇರ್ತೆ, ಅಲ್ಲಿಗೇ ಕೇಳ್ತದೆ.