ಸದ್ದು ಮಾಡಬಾರದ ಕೋಣೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಡಾಕ್ಟರುಗಳೇ, ಸ್ಕ್ಯಾನಿಂಗ್ ವಿಭಾಗದವರೇ, ಗಾಲಿಕುರ್ಚಿಯಲ್ಲಿ ಬಂದವರೇ, ಅದನ್ನು ತಳ್ಳಿಕೊಂಡು ಬಂದವರೇ, ಸಭಿಕರೇ,

ಎಷ್ಟು ಚೆಂದ ಕಾಣುತ್ತಿದೆ ಈ ಹಾಲ್! ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ರೋಗಿಗಳ ಮನೆಯವರ ಪರವಾಗಿ ಯಾರು ಮಾತಾಡುತ್ತೀರಿ ಎಂದಾಗ ಮೊದಲು ಕೈ ಎತ್ತಿದವಳು ನಾನೇ. ಇಂಗ್ಲಿಷ್ ಮೀಡಿಯಂ ಹುಡುಗಿ, ಕನ್ನಡ ಎಡವಿದರೆ ನಕ್ಕುಬಿಡಿ. ಮುಂದಿನ ಸಾಲಿನ ತುದಿಯಲ್ಲಿ ಕುಳಿತಿದ್ದಾರಲ್ಲ, ಬಿಳಿ ಶರ್ಟು, ಅವರೇ ನಮ್ಮ ಯಜಮಾನರು. ಎಷ್ಟು ಚೆಲುವ, ಅಲ್ಲವೇ? ಮದುವೆಯಾಗಿ ಐದೇ ತಿಂಗಳು. ನಾವಿನ್ನೂ ಹೊಸ ಜೋಡಿ!

ಮದುವೆಯಾದ ತಿಂಗಳೊಳಗೇ ಒಂದು ಬೆಳಿಗ್ಗೆ ಅವರು ಬೂಟಿನ ಲೇಸ್ ಕಟ್ಟುತ್ತಿದ್ದರು. ನಾನು ಅಡುಗೆಮನೆಯಿಂದ ಕೂಗಿದೆ: “ರೀ, ಕರ್ಟನ್ ನೀಲಿ ತರ್ಲಾ, ಹಸಿರು ತರ್ಲಾ?”

“ಇರೇ ವಟವಟ, ಲೇಸ್ ಕಟ್ಕೊಂಡು ಹೇಳ್ತೀನಿ.”

ಒಂದು ಲೇಸ್ ಕಟ್ಟಿದ್ದರು. ಇನ್ನೊಂದು ಹಾಗೇ ಉಳಿಯಿತು. ಪಾರ್ಶ್ವವಾಯು. ಕೈಕಾಲು ಚೇತರಿಸಿಕೊಂಡವು, ಮಾತು ಮರಳಲಿಲ್ಲ. ಈ ವಯಸ್ಸಿಗೇ? ಎಂದು ಎಲ್ಲರೂ ಕೇಳಿದರು. ನಾನು ಯಾರನ್ನು ಕೇಳಲಿ?

ಆಮೇಲೆ ಮಿದುಳಿನ ದೊಡ್ಡ ಸ್ಕ್ಯಾನ್. ಮಿದುಳಿನ ಕೋಶಗಳು ಸಕ್ಕರೆ ತಿಂದು ಬದುಕುತ್ತವಂತೆ. ಎಲ್ಲಿ ತಿನ್ನುತ್ತವೋ ನಕ್ಷೆಯಲ್ಲಿ ಅಲ್ಲಿ ಕೆಂಪು. ಅಂಥದ್ದೇ ಸಕ್ಕರೆಯ ಸೂಜಿ ಚುಚ್ಚಿ ಅರ್ಧ ಗಂಟೆ ಕತ್ತಲ ಕೋಣೆಯಲ್ಲಿ ಮಲಗಿಸುತ್ತಾರೆ. ಸದ್ದು ಮಾಡಬಾರದು. ಮಾಡಿದರೆ ಕೇಳಿಸಿಕೊಳ್ಳುವ ಭಾಗ ಸಕ್ಕರೆ ತಿಂದುಬಿಡುತ್ತದೆ. ಹೊರಗೆ ಕೂತ ನನಗೆ ತಡೆಯಲಾಗಲಿಲ್ಲ. ಬಾಗಿಲ ಸಂದಿಗೆ ಬಾಯಿಟ್ಟು ಶುರು ಮಾಡಿದೆ: ಕರ್ಟನ್ನು, ಅತ್ತೆಯ ಮಂಡಿನೋವು, ಪಕ್ಕದ ಮನೆಯ ನಾಯಿ.

ಸ್ಕ್ಯಾನ್ ತೆಗೆಯುವ ಅಣ್ಣ ತಲೆ ಚಚ್ಚಿಕೊಂಡರು. “ಮೇಡಂ, ನೀವು ಹೆಂಡ್ತೀನೋ ರೇಡಿಯೋನೋ? ಎಲ್ಲಾ ಕೆಡಿಸಿಬಿಟ್ರಿ!”

ಆದರೆ ನಕ್ಷೆಯಲ್ಲಿ ಒಂದು ಕಡೆ ಕೆಂಪಗೆ ಹೊಳೆಯುತ್ತಿತ್ತು. ನಾನು ಕುಣಿದುಬಿಟ್ಟೆ. “ಡಾಕ್ಟ್ರೇ, ನನ್ನ ಮಾತು ಕೇಳಿಸ್ತಿದೆ!”

ಡಾಕ್ಟರು ನನ್ನನ್ನು ಕೂರಿಸಿದರು. “ಸದ್ದು ಕೇಳಿಸ್ತಿದೆ ಕಣಮ್ಮ. ಅರ್ಥ ಮಾಡ್ಕೊಳ್ಳೋ ಜಾಗ ಇಲ್ಲಿ, ನೋಡು. ಕಪ್ಪು. ಅಂಚಿನಲ್ಲಿ ಸ್ವಲ್ಪ ಮಬ್ಬು ಇದೆ. ಅದು ಸತ್ತಿಲ್ಲ, ಏಳುತ್ತೋ ಇಲ್ವೋ ಹೇಳೋಕಾಗಲ್ಲ. ಕಾಯೋಣ.”

ಕಾದೆವು. ಈಗಲೂ ನಾನು ಮಾತಾಡಿದರೆ ನನ್ನ ಕಡೆ ತಿರುಗುತ್ತಾರೆ, ನಗುತ್ತಾರೆ. ಮಿಕ್ಸಿ ತಿರುಗಿದರೂ ತಿರುಗುತ್ತಾರೆ, ನಗುತ್ತಾರೆ.

ನಾಳೆ ಮತ್ತೆ ಸ್ಕ್ಯಾನ್. ಆ ಮಬ್ಬಿಗೆ ಬಣ್ಣ ಬಂದಿರದಿದ್ದರೆ ಇನ್ನು ಬರುವ ಆಸೆ ಇಟ್ಟುಕೊಳ್ಳಬೇಡ ಎಂದಿದ್ದಾರೆ. ಸ್ಕ್ಯಾನ್ ಅಣ್ಣಾ, ನಾಳೆ ಆ ಬಾಗಿಲ ಬಳಿ ನಾನು ತುಟಿ ಬಿಚ್ಚುವುದಿಲ್ಲ, ಆಣೆ. ಅದಕ್ಕೇ ಇವತ್ತು ಈ ಮೈಕು ಕೇಳಿ ಪಡೆದದ್ದು.

ನನಗೆ ಇಷ್ಟು ಹೊತ್ತು ಮಾತಾಡಲು ಬಿಟ್ಟ ನಿಮಗೆಲ್ಲ ವಂದನೆಗಳು. ನೀವು ಚಪ್ಪಾಳೆ ತಟ್ಟಿದರೆ ಅವರೂ ತಟ್ಟುತ್ತಾರೆ. ದಯವಿಟ್ಟು ಒಂದು ನಿಮಿಷ ತಟ್ಟಬೇಡಿ.

ರೀ, ಇಲ್ನೋಡಿ. ಕಿಟಕಿ ಇನ್ನೂ ಬರಿದಾಗೇ ಇದೆ. ನೀಲಿ ತರ್ಲಾ, ಹಸಿರು ತರ್ಲಾ?

...

ನಗುತ್ತಿದ್ದಾರೆ.

ನಮಸ್ಕಾರ.