ಶ್ರಾದ್ಧದ ಬೆಳಿಗ್ಗೆ ಗುಡ್ಡದ ಸೈಕಲ್

೨೦೦೬ರ ನವೆಂಬರ್, ಚೆನ್ನೈನ ಗಿಂಡಿಯ ಒಂದು ಆಸ್ಪತ್ರೆ. ಎಕ್ಸ್‌ರೇಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲಿ ಗಂಡ ಹೆಂಡತಿ, ಯಾರಿಗೂ ಅರ್ಥವಾಗದೆಂದು ಗಟ್ಟಿಯಾಗಿಯೇ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಆತನ ಮೈತುಂಬ ಕೆಂಪು ಕೆಸರು, ಬಲಗೈ ಊದಿಕೊಂಡಿತ್ತು.

"ಆಫೀಸಿಗೆ ಹೋಗಿ ಹತ್ತಕ್ಕೆ ಬರ್ತೀನಿ ಅಂದಿದ್ರಿ."

"ಬರ್ತಿದ್ದೆ. ಗುಡ್ಡ ಇಳಿಯುವಾಗ ಸೈಕಲ್ ಜಾರ್ತು."

"ಆಫೀಸು ಗುಡ್ಡದ ಮೇಲಿದೆಯಾ? ಇಷ್ಟು ಮಳೆ ಬಂದಿದೆ, ಜಾರದೆ ಇರುತ್ತಾ?"

"ಮಳೆ ಬಿದ್ದಮೇಲೇನೇ ಆ ದಾರೀಲಿ ಮಜಾ, ತೃಪ್ತಿ."

"ಇವತ್ತು ನಿಮ್ಮಪ್ಪನ ಶ್ರಾದ್ಧ."

"ಆಚಾರ್ರಿಗೆ ಸ್ವಲ್ಪ ಕಾಯೋಕೆ ಹೇಳು. ಕಟ್ಟು ಹಾಕಿಸ್ಕೊಂಡು ಬರ್ತೀನಿ."

"ಬಂದು ಯಾವ ಕೈಯಲ್ಲಿ ಪಿಂಡ ಇಡ್ತೀರಿ?"

ಆತ ಊದಿದ ಕೈಯನ್ನು ಮಡಿಲಿಗೆ ಎಳೆದುಕೊಂಡ.

"ಅಮ್ಮ ಊಟ ಮಾಡಿದ್ರಾ?"

"ಪಿಂಡ ಇಡೋ ಮುಂಚೆ ಹೇಗೆ ಮಾಡ್ತಾರೆ? ಪಾಪ, ಅಪ್ಪನ ತಿಥಿ ದಿನಾನೂ ಮಗನಿಗೆ ಆಫೀಸಲ್ಲಿ ರಜ ಕೊಡಲ್ವಲ್ಲ ಅಂತ ಅಳ್ತಾ ಕೂತಿದ್ದಾರೆ."

ನರ್ಸ್ ಹೆಸರು ಕೂಗಿದಳು. ಆತ ಒಬ್ಬನೇ ಎದ್ದು ಹೋದ.